ಅವ್ವನ ಸೆರಗು

ಊರಿನ ಎಲ್ಲರಂತೆ ಮಲ್ಲೇಶಪ್ಪನ ಎದೆಗೂ ಒಂದು ನಳಿಕೆ ಇತ್ತು. ಮೈಯಲ್ಲಿ ಇಲ್ಲದ ರೋಗನಿರೋಧಕ ಶಕ್ತಿ ದಿನಾ ಅದರಿಂದಲೇ ಇಳಿಯಬೇಕು. ಇವತ್ತು ಬೆಳಿಗ್ಗೆ ಅದರ ಬಾಯಿಯ ಸುತ್ತ ನೂಲೆಳೆಯಷ್ಟು ನೀಲಿ ಕಾಣಿಸಿತು. ನೀಲಿ ಎಂದರೆ ಒಳಗೆ ಕ್ರಿಮಿ ಮನೆ ಮಾಡಿದೆ ಎಂದರ್ಥ. ನೀಲಿಯಾದವರನ್ನು ವ್ಯಾನು ಒಯ್ಯುತ್ತಿತ್ತು, ಮರಳಿ ತರುತ್ತಿರಲಿಲ್ಲ.

ಹೆಂಡತಿ ಸಾವಂತ್ರೆವ್ವನ ಜೀವ ಬಾಯಿಗೆ ಬಂತು. ನಿನ್ನೆ ನಳಿಕೆಯ ಮೇಲೆ ಚೆಲ್ಲಿದ ಚಹಾವನ್ನು ಅವಳು ಸೆರಗಿನಿಂದ ಒರೆಸಿದ್ದಳು. ಒರೆಸಿದಲ್ಲೆಲ್ಲ ಕ್ರಿಮಿ ಹರಡುತ್ತದೆಂದು ಸರ್ಕಾರ ಸೆರಗಿರುವ ಸೀರೆಗಳನ್ನೆಲ್ಲ ಸುಡಿಸಿ ಹತ್ತು ವರ್ಷವಾಗಿತ್ತು. ಅವಳ ಅವ್ವನದು ಇದೊಂದು ಟ್ರಂಕಿನ ತಳದಲ್ಲಿ ಉಳಿದಿತ್ತು. ಸಾವಂತ್ರೆವ್ವ ಅದನ್ನು ಮನೆಯೊಳಗೆ ಮಾತ್ರ ಉಡುತ್ತಿದ್ದಳು.

"ಹೆದರಬ್ಯಾಡ, ನಿನ್ನ ಹೆಸರು ಹೇಳಂಗಿಲ್ಲ ನಾ," ಎಂದ ಮಲ್ಲೇಶಪ್ಪ. "ಲಗೂನ ಸೀರಿ ಬದಲಿಸು."

ಅಷ್ಟರಲ್ಲಿ ಬೀದಿಯಲ್ಲಿ ವ್ಯಾನು ನಿಲ್ಲಿಸಿ ತಪಾಸಣೆಯ ನರ್ಸ್ ಬಾಗಿಲು ತಳ್ಳಿಕೊಂಡು ಒಳಗೇ ಬಂದಳು. ಸಾವಂತ್ರೆವ್ವ ಶಾಲು ಹೊದ್ದು ಸೆರಗು ಮುಚ್ಚಿಕೊಂಡಳು.

"ಅಂಗಿ ಗುಂಡಿ ಬಿಚ್ರಿ, ಯಜಮಾನ್ರ."

ಗುಂಡಿ ಬಿಚ್ಚುವಾಗ ಅವನ ಹಣೆಯ ಬೆವರು ಇಳಿದು ಕಣ್ಣಿಗೆ ಹೋಯಿತು. ನಲವತ್ತು ವರ್ಷ ಆ ಬೆವರು ಒರೆಸಿದ ಸಾವಂತ್ರೆವ್ವನ ಕೈ ಸುಮ್ಮನಿರಲಿಲ್ಲ; ಶಾಲಿನೊಳಗಿಂದ ಸೆರಗು ಹಿಡಿದುಕೊಂಡೇ ಹೊರಬಂತು.

ನರ್ಸ್ ನಳಿಕೆಯನ್ನು ಬಿಟ್ಟು ಆ ಸೆರಗನ್ನೇ ನೋಡಿದಳು.

"ಅಕ್ಕಾರ," ಎಂದಳು ಮೆಲ್ಲಗೆ, "ನೀವೂ ಚಪ್ಪಲಿ ಹಾಕ್ಕೋರಿ."