ಮಣ್ಣು ಮುಟ್ಟಿದ ಕೈ

"ಅಮ್ಮ, ಕೈ ತೋರಿಸು."

ಜ್ವರದಲ್ಲಿ ಬೇಯುತ್ತಿದ್ದ ಅಮ್ಮ ಹೊದಿಕೆಯಿಂದ ಎರಡೂ ಕೈ ಹೊರಗೆ ಚಾಚಿದಳು. ಮಗ ಒಂದೊಂದೇ ಉಗುರನ್ನು ಆಸ್ಪತ್ರೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮಣ್ಣಿನ ಸುಳಿವಿಲ್ಲ. ಆದರೂ ಸಂಶಯ ಹೋಗಲಿಲ್ಲ.

"ಪಕ್ಕದ ಮನೆ ಅಕ್ಕ ಮತ್ತೆ ಗಿಡ ಗಿಡ ಅಂತ ಕರೆದ್ರಾ?"

"ಇಲ್ಲ ಕಣೋ. ನಿನ್ನ ಕಾವಲು ತಪ್ಪಿಸಿ ಇರುವೆಯೂ ಒಳಗೆ ಬರಲ್ಲ. ಇನ್ನು ನಾನೆಲ್ಲಿ ಹೊರಗೆ ಹೋಗಲಿ?"

ಡಾಕ್ಟರಮ್ಮ ಆಗಷ್ಟೇ ಹೇಳಿಹೋಗಿದ್ದರು: ಇದು ಅಪರೂಪದ ರೋಗಾಣು, ಬಿಸಿ ಹವೆಯ ಊರುಗಳ ಒದ್ದೆ ಮಣ್ಣಿನಲ್ಲಿರುತ್ತದೆ, ಅಮ್ಮನ ಹೃದಯದ ಕೃತಕ ಕವಾಟದ ಮೇಲೆ ಹೋಗಿ ಕೂತಿದೆ. ಉಳಿಯುವುದು ಕಷ್ಟ.

ಮಣ್ಣು! ಅದೊಂದನ್ನು ದೂರವಿಡಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕವಾಟ ಹಾಕಿಸಿಕೊಂಡು ಅಮ್ಮ ಮನೆಗೆ ಬಂದ ದಿನವೇ, ಸೋಂಕು ತಗುಲೀತೆಂಬ ಭಯಕ್ಕೆ, ಅವಳ ಹೂಕುಂಡಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದ್ದ. ಗಾಡಿ ತೊಳೆಯುವುದು ಅವನ ಕಸುಬು. ಕೆಲಸದ ಜಾಗದಿಂದ ನೀರನ್ನು ರಭಸವಾಗಿ ಚಿಮ್ಮಿಸುವ ಹಳೆಯ ಪಂಪು ತಂದು, ಮಳೆಗೆ ಕೆಸರಾದ ಅಂಗಳವನ್ನು ದಿನಾ ಬೆಳಿಗ್ಗೆ ಅವಳ ಕಿಟಕಿಯ ಬುಡದವರೆಗೂ ತೊಳೆಯುತ್ತಿದ್ದ. "ನನ್ನನ್ನೂ ಒಂದು ಗಾಡಿ ಅಂದ್ಕೊಂಡಿದೀಯಾ?" ಎಂದು ಅಮ್ಮ ಕಿಟಕಿಯಲ್ಲಿ ಕೂತು, ಮುಖ ಒರೆಸಿಕೊಳ್ಳುತ್ತ ನಗುತ್ತಿದ್ದಳು.

ಅವನು ಔಷಧಿ ತರಲು ಓಡಿದ. ಮರಳಿ ಬಂದಾಗ ಡಾಕ್ಟರಮ್ಮ ಅಮ್ಮನ ಪಕ್ಕದಿಂದ ಎದ್ದು ಹೋಗುತ್ತಿದ್ದರು. ಅಮ್ಮ ಅವನನ್ನು ಹತ್ತಿರ ಕರೆದಳು.

"ಮಗಾ, ಆಗ ಸುಳ್ಳು ಹೇಳ್ದೆ. ನೀನು ಕೆಲಸಕ್ಕೆ ಹೋದಾಗ ಹಿತ್ತಲಲ್ಲಿ ಮಣ್ಣು ಕೆದಕಿದೆ. ಆಸೆ ತಡೀಲಿಲ್ಲ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ."

ಅವನು ಕೆಂಡವಾದ. "ಜೀವಕ್ಕಿಂತ ಗಿಡ ಹೆಚ್ಚಾಯ್ತಾ ನಿನಗೆ? ನನ್ನ ನೆನಪೂ ಬರ್ಲಿಲ್ವಾ?"

ಬೈಸಿಕೊಂಡು ಅಮ್ಮನಿಗೆ ಸಮಾಧಾನವೇ ಆದಂತಿತ್ತು.

ಅಲ್ಲಿಂದಾಚೆ ಅವನು ಔಷಧಿ ಕುಡಿಸಿದ, ಗಂಜಿ ತಿನ್ನಿಸಿದ, ಮುಖ ಮಾತ್ರ ಸಡಿಲಿಸಲಿಲ್ಲ. ಅವಳು ಕೈ ಹಿಡಿಯಲು ಬಂದರೆ ಲೋಟ ತೊಳೆಯುವ ನೆಪದಲ್ಲಿ ಎದ್ದುಬಿಡುತ್ತಿದ್ದ. ಹುಷಾರಾಗಲಿ, ಆಮೇಲೆ ರಾಜಿಯಾದರಾಯಿತು ಎಂದುಕೊಂಡಿದ್ದ. ಅಮ್ಮ ಹುಷಾರಾಗಲಿಲ್ಲ. ಅವನು ಲೋಟ ತೊಳೆದು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಅವಳ ಚಪ್ಪಲಿ, ಶಾಲು ತೆಗೆದುಕೊಂಡು ಹೊರಟವನಿಗೆ ಡಾಕ್ಟರಮ್ಮ ಎದುರಾದರು. ಅವನಿಗೆ ದುಃಖ ಒತ್ತರಿಸಿ ಬಂತು.

"ಮಣ್ಣು ಮುಟ್ಟಬೇಡ ಅಂತ ಬಡ್ಕೊಂಡೆ ಡಾಕ್ಟರಮ್ಮ. ಕೇಳಲಿಲ್ಲ."

"ಅವರೆಲ್ಲಿ ಮುಟ್ಟಿದ್ರು?" ಡಾಕ್ಟರಮ್ಮನಿಗೆ ಆಶ್ಚರ್ಯ. "ಕಿಟಕಿ ಹತ್ರ ಯಾರೋ ದಿನಾ ಪಂಪು ಹಿಡೀತಿದ್ರಂತಲ್ಲ? ಕೆಸರು ತುಂತುರಾಗಿ ಹಾರಿ ಉಸಿರಿನ ಜೊತೆ ಒಳಗೆ ಹೋಗಿದೆ ಅಂತ ನಾನೇ ಅವರಿಗೆ ಹೇಳಿದ್ದೆ. ಯಾರು ಹಿಡೀತಿದ್ದಿದ್ದು ಅಂತ ಕೇಳಿದ್ದಕ್ಕೆ, ಒಬ್ಬ ಕೂಲಿ ಹುಡುಗ, ಊರು ಬಿಟ್ಟು ಹೋದ ಅಂದ್ರು. ಅವನಿಗೆ ಮಾತ್ರ ಯಾವತ್ತೂ ತಿಳೀಬಾರ್ದು, ತುಂಬಾ ಒಳ್ಳೆಯವನು, ಎದೆ ಒಡೆದುಕೊಂಡು ಸಾಯ್ತಾನೆ ಅಂತ ಕೈ ಮುಗಿದ್ರು."

ಅವರ ಮನೆಯಲ್ಲಿ ಕೂಲಿ ಹುಡುಗ ಯಾವತ್ತೂ ಇರಲಿಲ್ಲ.