ರಜೆಯ ಕಾರಣ

ಕಾಲೇಜಿನ ಕಲಾ ಪ್ರದರ್ಶನದಲ್ಲಿ ಮಗಳ ಪ್ರಾಜೆಕ್ಟ್ ಮುಂದೆ ನಿಂತ ವಿಮಲಾಗೆ ಕಂಡದ್ದು ತನ್ನದೇ ಕೈಬರಹ. ಶರ್ವಾಣಿ ತನ್ನ ಹಳೆಯ ಸ್ಕೂಲ್ ಡೈರಿಗಳ ರಜೆ ಪುಟಗಳನ್ನು ಗೋಡೆ ತುಂಬ ಅಂಟಿಸಿದ್ದಳು. ಎಲ್ಲದರಲ್ಲೂ ‘ಜ್ವರ’, ಕೆಳಗೆ ಅಮ್ಮನ ಸಹಿ. ಪಕ್ಕದಲ್ಲಿ ಮಗಳ ಕೆಂಪು ಅಕ್ಷರ: ‘ಎದೆ ಹೊಡ್ಕೋತಿತ್ತು’, ‘ಉಸಿರೇ ಸಿಗಲಿಲ್ಲ’, ‘ಬಾತ್‌ರೂಮಿನ ಚಿಲಕ ಹಾಕ್ಕೊಂಡಿದ್ದೆ’.

ಜೊತೆಗೆ ಬಂದಿದ್ದ ಭಜನಾ ಮಂಡಳಿಯ ಕಮಲಾಕ್ಷಮ್ಮ ಒಂದೊಂದನ್ನೇ ಓದಿದರು. “ಅಲ್ವೇ ವಿಮಲಾ, ಜ್ವರ ಅಂತಿದ್ಯಲ್ಲೇ. ರಾಯರ ಮಠದಿಂದ ಮಂತ್ರಾಕ್ಷತೆ ಬೇರೆ ತಂದ್ಕೊಟ್ಟಿದ್ದೆ ನಾನು.”

‘ಇದೆಲ್ಲ ಪ್ರಾಜೆಕ್ಟಿಗೆ ಅಂತ ಕಟ್ಟಿದ ಕಥೆ’ ಎನ್ನುವ ಮಾತು ವಿಮಲಾಳ ನಾಲಿಗೆಯವರೆಗೆ ಬಂತು. ಶರ್ವಾಣಿ ಅವಳನ್ನೇ ನೋಡುತ್ತಿದ್ದಳು, ಇನ್ನೊಂದು ಸುಳ್ಳಿಗೆ ಕಾಯುತ್ತಿರುವಂತೆ.

“ಜ್ವರ ಇರ್ಲಿಲ್ಲ ಕಮಲಾಕ್ಷಮ್ಮ.” ವಿಮಲಾಳ ಕಿವಿ ಬಿಸಿಯಾಗಿತ್ತು. “ಮಗು ಹೆದರ್ಕೊಂಡು ನಡುಗ್ತಿತ್ತು. ನಾಲ್ಕು ಜನ ಏನಂತಾರೋ ಅಂತ ನಾನೇ ಸುಳ್ಳು ಬರೆದೆ.”