ಬಸ್ ಸ್ಟಾಪಿನ ಕುಂಟೆಬಿಲ್ಲೆ

ಬಸ್ಸಿಗೆ ಕಾಯುತ್ತಾ ಇದನ್ನು ಓದುತ್ತಿದ್ದೀರಾ? ಹಾಗಿದ್ದರೆ ಇನ್ನೂ ಒಳ್ಳೆಯದು... ಇದು ನಡೆದದ್ದೂ ಬಸ್ ಸ್ಟಾಪಿನಲ್ಲೇ.

ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಇಂಚರ ಅಂತ ಒಬ್ಬಳು ಹುಡುಗಿ ಬಾಡಿಗೆಗಿದ್ದಾಳೆ. ಡಿಸೈನ್ ಓದುತ್ತಾಳೆ. ಹಟಮಾರಿ ಅಂದರೆ ಹಟಮಾರಿ!

ಅವಳ ಥೀಸಿಸ್ ವಿಷಯ ಕೇಳಿ ನಾನು ನಕ್ಕುಬಿಟ್ಟಿದ್ದೆ... ಊರಿನ ಫುಟ್‌ಪಾತು, ಬಸ್ ಸ್ಟಾಪುಗಳಲ್ಲಿ ದೊಡ್ಡವರೂ ಆಡುವಂತೆ ಮಾಡುವುದು ಹೇಗೆ ಅಂತ ಸಂಶೋಧನೆಯಂತೆ!

"ನಗಬೇಡಿ ಆಂಟಿ. ಪಾರ್ಕಲ್ಲಿ ಮಕ್ಕಳಿಗೆ ಜಾರುಬಂಡೆ ಇದೆ, ಉಯ್ಯಾಲೆ ಇದೆ. ನಿಮಗೇನಿದೆ? ಬೆಂಚು. ಕೂತ್ಕೊಂಡು ಮಂಡಿನೋವಿನ ಮಾತಾಡೋಕೆ!" ಅಂದಳು.

ಅವಳು ಹೇಳಿದ್ದು ನಿಜ ತಾನೇ?

ಆದರೆ ಅವಳ ಗೈಡ್ ಸರ್ವಮಂಗಳಾ ಮೇಡಂ ಒಪ್ಪಲಿಲ್ಲ. "ನಮ್ಮಲ್ಲಿ ದೊಡ್ಡವರು ಬೀದೀಲಿ ಆಡಲ್ಲಮ್ಮ, ನಾಚ್ಕೋತಾರೆ. ಶುಕ್ರವಾರ ನಾನೇ ಬಂದು ನೋಡ್ತೀನಿ. ಒಬ್ರೂ ಆಡ್ಲಿಲ್ಲ ಅಂದ್ರೆ ಟಾಪಿಕ್ ಬದಲಾಯಿಸು" ಅಂದುಬಿಟ್ಟರು.

ಟಾಪಿಕ್ ಬದಲಾದರೆ ಅವಳ ಒಂದು ವರ್ಷದ ಓದು ಮಣ್ಣುಪಾಲು...

ಇಂಚರ ಸುಮ್ಮನಿರುವವಳೇ? ಕಾರ್ಪೊರೇಷನ್ನಿಗೆ ಅಲೆದು ಅನುಮತಿ ತಂದಳು. ನಮ್ಮ ಬಸ್ ಸ್ಟಾಪಿನ ಮುಂದಿನ ಫುಟ್‌ಪಾತಿನ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಬರೆದಳು.

ಕೆಂಪು, ಹಳದಿ, ನೀಲಿ... ಅಂಚಿಗೆ ಬಳ್ಳಿ, ಮೂಲೆ ಮೂಲೆಗೂ ಹೂವು. ನೋಡೋಕೆ ಎರಡು ಕಣ್ಣು ಸಾಲದು!

ಜನ ನಿಂತು ನೋಡಿದರು. ಫೋಟೋ ತೆಗೆದರು. ಆಮೇಲೆ ಹುಷಾರಾಗಿ ಸುತ್ತಿಕೊಂಡು ಹೋದರು... ಒಬ್ಬರೂ ಒಳಗೆ ಕಾಲಿಡಲಿಲ್ಲ.

ಮಾರನೇ ದಿನ ನೋಡಿದರೆ, ನಡುವಿನ ಮನೆಗೆ ಯಾರೋ ಅರಿಶಿನ ಕುಂಕುಮ ಹಚ್ಚಿ, ಒಂದು ದಾಸವಾಳ ಇಟ್ಟಿದ್ದಾರೆ!

ಇಟ್ಟವರು ಪಂಕಜಮ್ಮ. ಮೊಮ್ಮಗುವನ್ನು ನೋಡಿಕೊಳ್ಳಲು ದಿನಾ ಬೆಳಿಗ್ಗೆ ಅಲ್ಲಿಂದಲೇ ಬಸ್ಸು ಹಿಡಿದು ಮಗಳ ಮನೆಗೆ ಹೋಗುವವರು.

"ಅಜ್ಜಿ, ಇದು ಆಡೋಕೆ ಬರೆದಿರೋದು" ಅಂದಳು ಇಂಚರ, ಅಳು ನುಂಗಿಕೊಂಡು.

"ಅಯ್ಯೋ! ಇಷ್ಟು ಲಕ್ಷಣವಾಗಿ ರಂಗೋಲಿ ಹಾಕಿ ತುಳೀರಿ ಅಂತೀಯಲ್ಲಮ್ಮ? ಕಾಲಿಡೋಕೆ ಮನಸ್ಸು ಬರುತ್ತಾ?"

ಅವತ್ತು ಸಂಜೆ ಹುಡುಗಿ ಊಟವನ್ನೂ ಮಾಡಲಿಲ್ಲ. ಪಾಪ, ಇಲ್ಲಿಗೆ ಮುಗಿಯಿತು ಅಂದುಕೊಂಡೆ...

ಎಲ್ಲಿ ಮುಗಿಯುತ್ತೆ! ಬೆಳಿಗ್ಗೆ ನಮ್ಮ ಮನೆಯ ಬಕೆಟ್ಟು, ಬ್ರಷ್ಷು ತಗೊಂಡು ಹೋಗಿ, ಅಷ್ಟು ಬಣ್ಣವನ್ನೂ ತಾನೇ ಉಜ್ಜಿ ತೊಳೆದಳು.

"ಚೆಂದ ಮಾಡೋಕೆ ಹೋಗಿ ಕೆಟ್ಟೆ ಆಂಟಿ. ನೋಡಿದವರಿಗೆ ಕುಣೀಬೇಕು ಅನ್ನಿಸಬೇಕು... ಕೈ ಮುಗೀಬೇಕು ಅನ್ನಿಸಬಾರದು."

ಶುಕ್ರವಾರ ಬಂತು. ಇಂಚರಳ ಜೊತೆ ನಾನೂ ಬಸ್ ಸ್ಟಾಪಿಗೆ ಹೋದೆ. ಇಟ್ಟಿಗೆ ಚೂರಿನಿಂದ, ಚಿಕ್ಕಮಕ್ಕಳು ಎಳೆದ ಹಾಗೆ ಸೊಟ್ಟಸೊಟ್ಟ ಗೆರೆ ಎಳೆದಳು. ಬಿಲ್ಲೆಗೆ ಒಡೆದ ಹೆಂಚಿನ ಚೂರು.

ಸರ್ವಮಂಗಳಾ ಮೇಡಂ ಬಂದು ಕೈಕಟ್ಟಿ ನಿಂತರು. ಕಾಯುತ್ತಿದ್ದವರೆಲ್ಲ ಮೊಬೈಲು ನೋಡುತ್ತಾ ನಿಂತರು... ಆಡುವವರು ಯಾರೂ ಇಲ್ಲ.

ಇಂಚರ ದುಪಟ್ಟಾ ಸೊಂಟಕ್ಕೆ ಬಿಗಿದಳು. ಬಿಲ್ಲೆ ಎಸೆದಳು. ಅಷ್ಟು ಜನರ ಮುಂದೆ ಒಬ್ಬಳೇ ಕುಂಟತೊಡಗಿದಳು!

ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ ವಿಡಿಯೋ ಮಾಡಿದರು. ಅವಳು ಕಾಲು ಜಾರಿ ಬಿದ್ದಳು, ಮೊಣಕೈ ತರಚಿತು.

"ಸಾಕು ಬಾ ಇಂಚರ. ನೋಡಿದ್ದಾಯ್ತಲ್ಲ" ಅಂದರು ಮೇಡಂ.

"ಇನ್ನೊಂದು ಸಲ ಮೇಡಂ..." ಎದ್ದಳು. ಮತ್ತೆ ಕುಂಟಿದಳು. ಮತ್ತೆ ಬಿದ್ದಳು, ಮತ್ತೆ ಎದ್ದಳು. ನನ್ನ ಕಣ್ಣಲ್ಲಿ ನೀರು.

ಪಂಕಜಮ್ಮನ ಬಸ್ಸು ಬಂತು. ಅವರು ಹತ್ತಲಿಲ್ಲ. ಬಸ್ಸು ಹೊರಟುಹೋಯಿತು.

"ಏಯ್, ಗೆರೆ ತುಳಿದೆ ಕಣೇ... ನೀನು ಔಟು! ಕೊಡು ಇಲ್ಲಿ ಬಿಲ್ಲೆ."

ಅಜ್ಜಿ ಚಪ್ಪಲಿ ಬಿಟ್ಟರು. ಸೆರಗು ಸಿಕ್ಕಿಸಿದರು. ಆದರೆ ಮೊದಲ ಮನೆಯಿಂದ ಶುರು ಮಾಡಲಿಲ್ಲ... ಮನೆಗಳಿಗೆ ಬೆನ್ನು ಹಾಕಿ ನಿಂತರು.

ಕುಂಟೆಬಿಲ್ಲೆ ಆಡಿದವರಿಗೆ ಗೊತ್ತು. ಎಲ್ಲ ಮನೆ ದಾಟಿದ ಮೇಲೆ ತಿರುಗಿ ನಿಂತು, ತಲೆಯ ಮೇಲಿಂದ ಬಿಲ್ಲೆ ಎಸೆಯಬೇಕು. ಅದು ಬಿದ್ದ ಮನೆ ನಿಮ್ಮದು. ಅಲ್ಲಿ ಎರಡೂ ಕಾಲು ಊರಿ ನಿಲ್ಲಬಹುದು. ಬೇರೆಯವರು ಅದನ್ನು ಹಾರಿಕೊಂಡೇ ಹೋಗಬೇಕು.

"ಚಿಕ್ಕೋಳಿದ್ದಾಗ ಒಂದಿನ ಎಲ್ಲ ಮನೆ ದಾಟಿದ್ದೆ ಕಣಮ್ಮ..." ಅಜ್ಜಿ ಕೈಯಲ್ಲಿದ್ದ ಬಿಲ್ಲೆಯನ್ನು ಸೆರಗಿನಿಂದ ಒರೆಸಿದರು. "ಇದೊಂದು ಎಸೆಯೋದು ಬಾಕಿ ಇತ್ತು. ಅಷ್ಟರಲ್ಲಿ ನಮ್ಮಮ್ಮ ಬಂದು ರಟ್ಟೆ ಹಿಡ್ಕೊಂಡು ಒಳಗೆ ಕರ್ಕೊಂಡು ಹೋದ್ರು. ದೊಡ್ಡೋಳಾಗಿದ್ದೀಯ, ಇನ್ಮೇಲೆ ಬೀದೀಲಿ ಕುಂಟೋ ಹಾಗಿಲ್ಲ ಅಂದ್ರು..."

"ಆಮೇಲೆ ಮದುವೆ, ಮಕ್ಕಳು, ಮೊಮ್ಮಕ್ಕಳು... ಬಾರೇ ಆಡು ಅಂತ ಮತ್ತೆ ಯಾರೂ ಕರೀಲೇ ಇಲ್ಲ."

ಕಣ್ಣು ಮುಚ್ಚಿ ಬಿಲ್ಲೆ ಎಸೆದರು. ಅದು ದೂರದ ಮನೆಯಲ್ಲಿ ಬಿತ್ತು.

ಇಂಚರ ಓಡಿಹೋಗಿ ಕೈ ಹಿಡಿದಳು. ಅಜ್ಜಿ ಒಂದೊಂದೇ ಮನೆ ಕುಂಟಿದರು. ಈಗ ಯಾರೂ ನಗುತ್ತಿರಲಿಲ್ಲ.

ಕೊನೆಗೆ ಆ ಮನೆಯಲ್ಲಿ ಎರಡೂ ಕಾಲು ಊರಿ ನಿಂತರು. ಅಳುತ್ತಾ ನಗುತ್ತಿದ್ದರು.

"ಈಗ ಕರೀಲಿ ನಮ್ಮಮ್ಮ... ಬರ್ತೀನಿ."

ಸರ್ವಮಂಗಳಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಮ್ಮ ಬ್ಯಾಗನ್ನು ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು.

"ಅದು ಪಂಕಜಮ್ಮನವರ ಮನೆ, ನಾನು ಹಾರ್ಕೊಂಡು ಹೋಗ್ತೀನಿ. ಜರುಗು ಇಂಚರ... ಈಗ ನನ್ನ ಆಟ!"

*ನಗುವವರ ಮುಂದೆ ಒಬ್ಬರು ಧೈರ್ಯವಾಗಿ ಕಾಲಿಟ್ಟರೆ ಸಾಕು... ಎಷ್ಟೋ ವರ್ಷದಿಂದ ಹಿಂದೆ ನಿಂತವರೂ ಮುಂದೆ ಬರುತ್ತಾರೆ.*

ನೀವು ಅರ್ಧಕ್ಕೆ ಬಿಟ್ಟುಬಂದ ಆಟ ಯಾವುದು... ಇವತ್ತು ಅದನ್ನು ಆಡೋಕೆ ಯಾರನ್ನು ಕರೆಯುತ್ತೀರಿ?